ಒಂದು ‘ವ’ ಅಕ್ಷರದ ರಿಟ್ ಅರ್ಜಿ

ನಮ್ಮಪ್ಪನ ಹೆಸರು ಬಸವಪ್ಪ. ಪಹಣಿಯ ಒಂಬತ್ತನೇ ಕಾಲಮ್ಮಿನಲ್ಲಿ ಮಾತ್ರ ಬಸಪ್ಪ. ನಡುವಿನ ‘ವ’ ಎಲ್ಲಿ ಬಿತ್ತೋ ಗೊತ್ತಿಲ್ಲ. ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಗಡಿಬಿಡಿಯಲ್ಲಿ ಬಿದ್ದಿರಬೇಕು. ಅಪ್ಪ ಬದುಕಿದ್ದಾಗ ಅದರಿಂದ ಏನೂ ತೊಂದರೆ ಆಗಲಿಲ್ಲ. ಊರಲ್ಲಿ ಎಲ್ಲರೂ ಅವರನ್ನು ಬಸಣ್ಣ ಅಂತಲೇ ಕರೆಯುತ್ತಿದ್ದರು.

ತೊಂದರೆ ಶುರುವಾದದ್ದು ಅವರು ಸತ್ತ ಮೇಲೆ. ಮರಣ ಪ್ರಮಾಣಪತ್ರದ ಪ್ರಕಾರ ಬಸವಪ್ಪ ಸತ್ತಿದ್ದಾರೆ, ಆದರೆ ಅವರಿಗೆ ಹೊಲ ಇಲ್ಲ. ಪಹಣಿಯ ಪ್ರಕಾರ ಬಸಪ್ಪನಿಗೆ ಹೊಲ ಇದೆ, ಆದರೆ ಆತ ಇನ್ನೂ ಸತ್ತಿಲ್ಲ. ಹಾಗಾಗಿ ಪೌತಿ ಖಾತೆ, ಅಂದರೆ ಸತ್ತವರ ಹೊಲ ವಾರಸುದಾರರ ಹೆಸರಿಗೆ ಏರುವುದು, ಆಗುವುದಿಲ್ಲ. ಪೌತಿ ಖಾತೆ ಇಲ್ಲದೆ ಬೆಳೆಸಾಲ ಇಲ್ಲ, ಬೆಳೆ ಪರಿಹಾರವೂ ಇಲ್ಲ. ಹೊಲದ ತುಂಬ ಹೆಸರು ಬಿತ್ತಿದ್ದೇವೆ. ಪಹಣಿಯಲ್ಲಿ ಮಾತ್ರ ನಮ್ಮ ಹೆಸರಿಲ್ಲ.

ಒಂದು ಅಕ್ಷರ ಸೇರಿಸುವುದು ಅಷ್ಟು ಕಷ್ಟವೇ ಅಂತ ನೀವು ಕೇಳಬಹುದು. ನಾನೂ ಕೇಳಿದೆ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಒಂದೇ ದಿನ ಬದಲಾಯಿತು. ರಾತ್ರಿ ‘ಹುಬ್ಳಿ’ಯಲ್ಲಿ ಮಲಗಿದವರು ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ಎದ್ದರು. ಇಂಗ್ಲಿಷಿನಲ್ಲಿ ಐದು ಅಕ್ಷರದ ಊರು ಎಂಟು ಅಕ್ಷರದ್ದಾಯಿತು. ಲಕ್ಷಗಟ್ಟಲೆ ಜನರ ಊರಿಗೆ ಮೂರು ಅಕ್ಷರ ಹೆಚ್ಚಿಗೆ ಕೊಟ್ಟರು, ಅಲ್ವಾ? ನಾವು ಕೇಳಿದ್ದು ಒಂದು ‘ವ’.

ನಮ್ಮ ತಲಾಟಿಯ ಹೆಸರನ್ನೇ ನೋಡಿ. ತಲಾಟಿ ಹೋಗಿ ಗ್ರಾಮ ಲೆಕ್ಕಾಧಿಕಾರಿ ಆದರು. ಅದೂ ಹೋಗಿ ಈಗ ಗ್ರಾಮ ಆಡಳಿತ ಅಧಿಕಾರಿ. ಕುರ್ಚಿ ಅದೇ, ರುಮಾಲು ಕಟ್ಟಿದ ದಫ್ತರ ಅದೇ. ಹೆಸರು ಮಾತ್ರ ಸರ್ಕಾರಿ ಖರ್ಚಿನಲ್ಲಿ ಉದ್ದವಾಗುತ್ತಾ ಬಂದಿದೆ.

ನಾವು ಅರ್ಜಿ ಕೊಟ್ಟೆವು. ಯಾವ ಕಚೇರಿ ಅಂತ ಹೇಳುವುದಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್ ಇದೆ, 1,507 ಮೀಟರ್. ಬ್ಯಾಗ್ ಹೊತ್ತುಕೊಂಡು ನಡೆದರೂ ಅರ್ಧ ತಾಸಿನೊಳಗೆ ಆ ತುದಿ ಮುಟ್ಟಬಹುದು. ಆ ಕಚೇರಿಯಲ್ಲಿ ಟಪಾಲು ಟೇಬಲ್‌ನಿಂದ ಸಾಹೇಬರ ಟೇಬಲ್‌ಗೆ ಹದಿನೈದು ಹೆಜ್ಜೆ. ನಮ್ಮ ಅರ್ಜಿ ಅಷ್ಟು ನಡೆಯಲು ಎರಡು ಮುಂಗಾರು ತೆಗೆದುಕೊಂಡಿತು. ಹೋದಾಗಲೆಲ್ಲ ಸಾಹೇಬರು ‘ವಿ.ಸಿ.ಯಲ್ಲಿದ್ದಾರೆ’, ಅಂದರೆ ವಿಡಿಯೋ ಕಾನ್ಫರೆನ್ಸಿನಲ್ಲಿ. ಈ ವಿ.ಸಿ. ಒಂದು ಊರಿನ ಹೆಸರೆಂದೇ ಅಮ್ಮ ಬಹಳ ದಿನ ತಿಳಿದಿದ್ದಳು. ‘ಅಲ್ಲಿಗೇ ಹೋಗಿ ಭೆಟ್ಟಿ ಆದರಾಯ್ತಲ್ಲ’ ಎಂದಳು.

ಒಂದು ದಿನ ಕಡತ ಕಣ್ಣಿಗೆ ಬಿತ್ತು. ಟಿಪ್ಪಣಿ ಹಾಳೆಯ ಮೇಲೆ ನಾಲ್ಕು ಕೈಗಳ ಬರಹ. ಮೇಲಿನವರು ‘ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ’ ಎಂದು ಬರೆದಿದ್ದರು. ಅವರ ಕೆಳಗಿನವರು ‘ಪರಿಶೀಲಿಸಿ ಮಂಡಿಸಿ’ ಎಂದಿದ್ದರು. ಅವರಿಗಿಂತ ಕೆಳಗಿನವರು ‘ಆದೇಶಕ್ಕಾಗಿ ಮಂಡಿಸಿದೆ’ ಎಂದಿದ್ದರು. ಕಡತ ಮತ್ತೆ ಮೇಲೆ ಹೋಗಿತ್ತು. ಅಲ್ಲಿ ಮತ್ತೆ ‘ಪರಿಶೀಲಿಸಿ’. ದೀಪಾವಳಿಯ ಭೂಚಕ್ರ ಕೂಡ ಇಷ್ಟು ಹೊತ್ತು ಸುತ್ತುವುದಿಲ್ಲ.

ಗಡುವಿನೊಳಗೆ ಸರ್ಕಾರಿ ಸೇವೆ ಕೊಡಿಸುವ ‘ಸಕಾಲ’ ಯೋಜನೆ ನೆನಪಾಗಿ, ‘ಸಕಾಲದಾಗ ಹಾಕಬೇಕಿತ್ತೇನ್ರಿ?’ ಎಂದು ಕೇಳಿದೆ. ‘ಇದು ಅದರಾಗ ಬರಂಗಿಲ್ರೀ’ ಎಂದರು ಗುಮಾಸ್ತರು. ಬಂದಿದ್ದರೂ ಏನಾಗುತ್ತಿತ್ತು ಅಂತ ಮನೆಗೆ ಬಂದು ಲೆಕ್ಕ ಹಾಕಿದೆ. 2011ರ ಸಕಾಲ ಕಾಯ್ದೆಯಲ್ಲಿ ತಡವಾದರೆ ದಿನಕ್ಕೆ 20 ರೂಪಾಯಿ ಪರಿಹಾರ. ಆದರೆ 500 ರೂಪಾಯಿ ದಾಟುವಂತಿಲ್ಲ. ಅಂದರೆ ಮೊದಲ 25 ದಿನದ ವಿಳಂಬಕ್ಕೆ ಮಾತ್ರ ರೊಕ್ಕ. 26ನೇ ದಿನದಿಂದ ವಿಳಂಬ ಪುಕ್ಕಟೆ.

ಕೊನೆಗೆ ಧಾರವಾಡದಲ್ಲಿ ಒಬ್ಬ ವಕೀಲರನ್ನು ಹಿಡಿದೆವು. ಅವರು ನಮ್ಮ ಕಥೆ ಪೂರ್ತಿ ಕೇಳಲಿಲ್ಲ. ‘ಮನವಿ ಕೊಟ್ಟೀರೇನು? ಸೀಲು ಐತೇನು?’ ಎಂದರು. ತೋರಿಸಿದೆ. ಹಾಳೆಯನ್ನು ಬೆಳಕಿಗೆ ಹಿಡಿದು, ಅಕ್ಕಸಾಲಿ ಬಂಗಾರ ನೋಡಿದ ಹಾಗೆ ನೋಡಿದರು. ಸೀಲು ಅರ್ಧವೇ ಮೂಡಿತ್ತು, ತಾರೀಖು ಕಾಣುತ್ತಿರಲಿಲ್ಲ. ‘ಹೋಗಿ ಇನ್ನೊಮ್ಮೆ ಕೊಡ್ರಿ. ಸೀಲು ಸ್ವಚ್ಛ ಬೀಳಬೇಕು’ ಎಂದರು. ಆಗ ನನಗೆ ತಿಳಿಯಿತು. ಅರ್ಜಿಯಲ್ಲಿ ನಾವು ಏನು ಬರೆದಿದ್ದೇವೆ ಅನ್ನುವುದು ಮುಖ್ಯ ಅಲ್ಲ. ಅವರು ಅದನ್ನು ಓದಿಲ್ಲ ಅನ್ನುವುದಕ್ಕೆ ಪುರಾವೆ ಬೇಕು. ಆ ಪುರಾವೆಯೇ ಸೀಲು.

ಸಿವಿಲ್ ದಾವೆ ಹಾಕಬಾರದೇ ಎಂದು ಕೇಳಿದೆ. ಸರ್ಕಾರದ ಮೇಲೆ ದಾವೆ ಹಾಕುವ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕಂತೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ. ಆ ಎರಡು ತಿಂಗಳಲ್ಲಿ ಸರ್ಕಾರ ಕೂತು ಯೋಚಿಸಿ, ತನ್ನ ತಪ್ಪಿದ್ದರೆ ತಿದ್ದಿಕೊಳ್ಳಲಿ ಎಂಬುದು ಉದ್ದೇಶ. ಬಹುತೇಕ ನೋಟಿಸುಗಳಿಗೆ ಉತ್ತರವೇ ಬರುವುದಿಲ್ಲ, ಬಂದರೂ ಹಾರಿಕೆಯ ಉತ್ತರ ಎಂದು 2005ರಲ್ಲಿ ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಬೇಸರ ಮಾಡಿಕೊಂಡಿದೆ. ‘ಅದು ಬ್ಯಾಡ. ರಿಟ್ ಹಾಕೋಣ’ ಎಂದರು ವಕೀಲರು.

ರಿಟ್ ಅಂದರೆ ಸರ್ಕಾರಕ್ಕೆ ಆದೇಶ ಕೊಡಿ ಎಂದು ನೇರವಾಗಿ ಹೈಕೋರ್ಟಿಗೆ ಹಾಕುವ ಅರ್ಜಿ, ಸಂವಿಧಾನದ 226ನೇ ವಿಧಿ. ಕೇಳುವಾಗಲೇ ಮೈ ಜುಮ್ ಅಂದಿತು. ಅರ್ಜಿಯಲ್ಲಿ ಐದು ಜನ ಪ್ರತಿವಾದಿಗಳು. ಬೆಂಗಳೂರಿನ ಪ್ರಧಾನ ಕಾರ್ಯದರ್ಶಿಯಿಂದ ಹಿಡಿದು ನಮ್ಮ ಹಳ್ಳಿಯ ಮೂರು ಹೆಸರಿನ ತಲಾಟಿಯವರೆಗೆ. ಬದುಕಿದ್ದಾಗ ಪಂಚಾಯಿತಿ ಕಟ್ಟೆ ದಾಟದ ಅಪ್ಪನ ಹೆಸರು ರಾಜಧಾನಿ ಮುಟ್ಟಿತು. ಅಮ್ಮನಿಗೆ ಸ್ವಲ್ಪ ಹೆಮ್ಮೆಯೂ ಆಯಿತು. ಫೀಸು ಎಷ್ಟಾಯಿತು ಅಂತ ಕೇಳಬೇಡಿ. ನಮ್ಮ ಲೆಕ್ಕದಲ್ಲಿ ಎರಡು ಎಕರೆ ಹೆಸರು.

ಅರ್ಜಿ ಹಾಕಿದ್ದು ಹೈಕೋರ್ಟಿನ ಧಾರವಾಡ ಪೀಠದಲ್ಲಿ. ಈ ಪೀಠ ನಮ್ಮ ಭಾಗದ ವಕೀಲರು ವರ್ಷಗಟ್ಟಲೆ ಹೋರಾಡಿ ತಂದದ್ದು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಅದಕ್ಕಿಂತ ಮುಂಚೆ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ನಮ್ಮ ಊರಿನ ಅಧಿಕಾರಿ ನಮ್ಮ ಊರಿನ ಅರ್ಜಿ ಓದಲಿ ಎಂದು ಹೇಳಿಸಲು ನಾನೂರು ಕಿಲೋಮೀಟರ್! ಈಗ ಧಾರವಾಡ ದಾಟಿ ಬೆಳಗಾವಿ ರಸ್ತೆಯಲ್ಲಿ ಬೇಲೂರಿನ ಹತ್ತಿರ ಇಳಿದರೆ ಸಾಕು. ವ್ಯಂಗ್ಯ ಮಾಡುತ್ತಿಲ್ಲ, ನಿಜಕ್ಕೂ ದೊಡ್ಡ ಉಪಕಾರ.

ನಮ್ಮ ಸರದಿ ಬಂತು. ಸರ್ಕಾರಿ ವಕೀಲರು ಎದ್ದು ನಿಂತು ಐದೂ ಪ್ರತಿವಾದಿಗಳ ಪರವಾಗಿ ನೋಟಿಸ್ ತೆಗೆದುಕೊಂಡರು. ಈಗ ವಾದ ಶುರುವಾಗುತ್ತದೆ, ಬಸವ ಬೇರೆಯೋ ಬಸ ಬೇರೆಯೋ ಅಂತ ಚರ್ಚೆ ಆಗುತ್ತದೆ ಎಂದು ನಾನು ಕಾಯುತ್ತಿದ್ದೆ. ನಮ್ಮವರು ‘ಮನವಿ ಪರಿಗಣಿಸಲು ಹೇಳಿದರೆ ಸಾಕು’ ಎಂದರು. ಸರ್ಕಾರಿ ವಕೀಲರು ‘ಪರಿಗಣಿಸಲು ತಕರಾರಿಲ್ಲ’ ಎಂದರು. ಎಂಟು ವಾರದಲ್ಲಿ ಕಾನೂನು ಪ್ರಕಾರ ಪರಿಗಣಿಸಿ ಎಂದು ಆದೇಶ ಆಯಿತು. ಅರ್ಜಿ ಇತ್ಯರ್ಥ. ಮೂರು ನಿಮಿಷವೂ ಆಗಿರಲಿಲ್ಲ.

ಹೊರಗೆ ಬಂದು ಚಹಾ ಕುಡಿಯುವಾಗ ಯೋಚನೆ ಹತ್ತಿತು. ಅರ್ಜಿ ಓದಲು ಸರ್ಕಾರಕ್ಕೆ ತಕರಾರಿಲ್ಲ. ಆದರೆ ತಕರಾರಿಲ್ಲ ಅಂತ ಹೇಳಲು ಒಬ್ಬ ವಕೀಲರು ಬೇಕು. ಅವರಿಗೆ ಸಂಬಳ ನಮ್ಮ ತೆರಿಗೆಯಿಂದ. ಅದನ್ನು ಹೇಳಿಸಲು ಇನ್ನೊಬ್ಬ ವಕೀಲರು ಬೇಕು. ಅವರಿಗೆ ಫೀಸು ನಮ್ಮ ಹೊಲದಿಂದ. ಜಗಳದ ಎರಡೂ ಕಡೆಗೆ ನಾವೇ ರೊಕ್ಕ ಕೊಟ್ಟೆವು, ಜಗಳ ಮಾತ್ರ ಆಗಲೇ ಇಲ್ಲ.

ಈ ‘ಪರಿಗಣಿಸಿ’ ಅನ್ನುವ ಶಬ್ದಕ್ಕೆ ಸುಪ್ರೀಂ ಕೋರ್ಟಿನವರೆಗೆ ಚರಿತ್ರೆ ಇದೆ. 2008ರ ಸಿ. ಜೇಕಬ್ ಪ್ರಕರಣದಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಪೀಠ ಇಂಥ ಆದೇಶಗಳನ್ನು ಬಿಡಿಸಿ ಬಿಡಿಸಿ ನೋಡಿತ್ತು. ಅಲ್ಲಿ ಕೆಲಸ ಕಳೆದುಕೊಂಡ ಒಬ್ಬರು ಸುಮಾರು 18 ವರ್ಷ ಸುಮ್ನೆ ಇದ್ದು ಆಮೇಲೆ ಮನವಿ ಕೊಟ್ಟಿದ್ದರು. ಪರಿಗಣಿಸಿ ಅಂದರೆ ಯಾರಿಗೂ ನಷ್ಟ ಇಲ್ಲವಲ್ಲ ಎಂದು ಕೋರ್ಟುಗಳು ಹೇಳಿಬಿಡುತ್ತವೆ, ಅದರಿಂದ ಸತ್ತ ತಕರಾರುಗಳೂ ಎದ್ದು ಕೂರುತ್ತವೆ ಎಂಬುದು ಅವರ ಚಿಂತೆ. ನಮ್ಮದು ಉಲ್ಟಾ. ನಮ್ಮಲ್ಲಿ ತಕರಾರು ಜೀವಂತ ಇತ್ತು. ಸತ್ತವರನ್ನು ಸತ್ತರು ಅಂತ ಒಪ್ಪಿಸಬೇಕಿತ್ತು, ಅಷ್ಟೇ.

ಏಳು ವಾರ ಏನೂ ಆಗಲಿಲ್ಲ. ಎಂಟನೇ ವಾರ ವಕೀಲರು ಕಚೇರಿಗೆ ಒಂದು ಪತ್ರ ಬರೆದರು. ಅದರಲ್ಲಿ ‘ನ್ಯಾಯಾಂಗ ನಿಂದನೆ’ ಎಂಬ ಎರಡು ಶಬ್ದ ಇದ್ದವು. ಮರುದಿನವೇ ಕಚೇರಿಯಿಂದ ಫೋನ್! ಎರಡು ವರ್ಷ ನನ್ನ ಮುಖ ಗುರುತಿಸದ ಗುಮಾಸ್ತರು ‘ಆರಾಮ್ರೇನ್ರಿ? ಅವ್ವಾರು ಹೆಂಗದಾರ?’ ಎಂದರು. ಸಾಹೇಬರು ವಿ.ಸಿ.ಯಿಂದ ಬಂದುಬಿಟ್ಟಿದ್ದರು. ವಿಚಾರಣೆಯ ನೋಟಿಸನ್ನು ತಲಾಟಿಯವರೇ ಮನೆಗೆ ತಂದುಕೊಟ್ಟರು.

ನೋಟಿಸು ಇದ್ದದ್ದು ಅಪ್ಪನ ಹೆಸರಿಗೆ. ‘ಸದರಿ ದಿನಾಂಕದಂದು ಮೂಲ ದಾಖಲೆಗಳೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ನಿಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಲಾಗುವುದು.’ ಅಮ್ಮ ಅದನ್ನು ಫೋಟೋದ ಮುಂದೆ ಇಟ್ಟು ಊದಿನಕಡ್ಡಿ ಹಚ್ಚಿದಳು. ನಾನು ನಗಬೇಕೋ ಅಳಬೇಕೋ ತಿಳಿಯದೆ ಇನ್ನೊಮ್ಮೆ ಓದಿದೆ. ಆಗ ಕಂಡಿತು. ವಿಳಾಸದಲ್ಲಿ ಬಸವಪ್ಪ ಅಂತ ಇತ್ತು. ಸರಿಯಾಗಿ, ‘ವ’ ಸಮೇತ. ಕೆಳಗೆ ಸಾಹೇಬರ ಸಹಿ, ಕಚೇರಿಯ ಮೊಹರು. ಹೊಲ ನಮ್ಮದೆಂದು ಸರ್ವೆ ನಂಬರೂ ಇತ್ತು.

ವಿಚಾರಣೆಯ ದಿನ ಅದನ್ನೇ ಹಿಡಿದುಕೊಂಡು ಹೋದೆ. ‘ನೋಡ್ರಿ ಸಾಹೇಬ್ರ, ನೀವೇ ಬಸವಪ್ಪ ಅಂತ ಬರದೀರಿ’ ಎಂದೆ. ಸಾಹೇಬರು ಕನ್ನಡಕ ಏರಿಸಿ ನೋಡಿದರು. ‘ನೋಟಿಸು ದಾಖಲೆ ಅಲ್ರೀ’ ಎಂದರು. ಹದಿನೈದು ದಿನದ ಮೇಲೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬಂತು. ಘನ ನ್ಯಾಯಾಲಯದ ಆದೇಶದಂತೆ ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಗಣಿಸಲಾಗಿದೆ. ಹೆಸರಿನಲ್ಲಿ ವ್ಯತ್ಯಾಸ ಇರುವುದರಿಂದ ಹೆಸರಿನ ವ್ಯತ್ಯಾಸ ಸರಿಪಡಿಸಲು ಅವಕಾಶ ಇರುವುದಿಲ್ಲ. ಸಕ್ಷಮ ನ್ಯಾಯಾಲಯವನ್ನು ಸಂಪರ್ಕಿಸಲು ತಿಳಿಸಿದೆ.

ವಕೀಲರು ಹಿಂಬರಹ ಓದಿ ಖುಷಿಯಾದರು. ‘ಇದರಾಗ ಕಾರಣನ ಇಲ್ಲ. ಹಾರಿಸಬಹುದು’ ಎಂದರು. ಅಂದರೆ ಇನ್ನೊಂದು ರಿಟ್, ಇನ್ನೆರಡು ಎಕರೆ ಹೆಸರು. ಅದಕ್ಕೂ ಮೊದಲು ಆ ನೋಟಿಸನ್ನು ಲಗತ್ತಿಸಿ ಒಂದು ಹೊಸ ಮನವಿ ಕೊಡಿ ಎಂದರು. ನಿನ್ನೆ ಹೋಗಿ ಕೊಟ್ಟು ಬಂದೆ. ಸಾಹೇಬರು ವಿ.ಸಿ.ಯಲ್ಲಿದ್ದರು. ಸೀಲು ಮಾತ್ರ ಈ ಸಲ ಸ್ವಚ್ಛ ಬಿದ್ದಿದೆ, ತಾರೀಖು ಸಮೇತ.