ಪಿಚ್ಚರ್ ಹೆಂಗಿದೆ?

"ಪಿಚ್ಚರ್ ಹೆಂಗಿದೆ ಗುರು?" ಅಂತ ಕೇಳಿದರೆ ಗೊತ್ತಿಲ್ಲ ಎನ್ನುವವರು ಸಿಗುವುದು ಕಷ್ಟ. ನೋಡಿದವರು ಹೇಳುತ್ತಾರೆ, ನೋಡದವರು ಟ್ರೇಲರ್ ಆಧಾರದ ಮೇಲೆ ಹೇಳುತ್ತಾರೆ. "ಫಸ್ಟ್ ಹಾಫ್ ಸೂಪರ್, ಸೆಕೆಂಡ್ ಹಾಫ್ ಸ್ವಲ್ಪ ಲ್ಯಾಗು, ಕ್ಲೈಮ್ಯಾಕ್ಸ್ ಬೆಂಕಿ, ಒಂದ್ಸಲ ನೋಡಬಹುದು." ಅರ್ಧ ಚಿತ್ರರಂಗದ ವಿಮರ್ಶೆ ಇಷ್ಟರಲ್ಲೇ ಮುಗಿಯುತ್ತದೆ. ಪಂಡಿತರು ಮೂಗು ಮುರಿಯಲಿ, ಇದರಲ್ಲಿ ಸುಳ್ಳೇನಿಲ್ಲ. ಸೋಸಿಕೊಂಡು ಕೇಳಬೇಕು, ಅಷ್ಟೆ.

ಆ ಲ್ಯಾಗನ್ನೇ ತೆಗೆದುಕೊಳ್ಳಿ. ನಮ್ಮ ಕಮರ್ಷಿಯಲ್ ಸಿನಿಮಾಗಳಲ್ಲಿ ಇಂಟರ್ವಲ್ಲಿಗೆ ಸರಿಯಾಗಿ ನಾಯಕ ನಿಜಕ್ಕೂ ಯಾರೆಂಬ ಗುಟ್ಟು ಒಡೆಯುತ್ತದೆ, ಹತ್ತಾರು ಜನ ಗಾಳಿಯಲ್ಲಿ ಹಾರುತ್ತಾರೆ. ಆ ಬಿಸಿಯಲ್ಲೇ ಎದ್ದುಹೋಗಿ, ಪಾಪ್‌ಕಾರ್ನ್ ಹಿಡಿದು ವಾಪಸ್ ಬಂದು ಕೂತರೆ ಶುರುವಾಗುವುದು ಫ್ಲ್ಯಾಶ್‌ಬ್ಯಾಕ್: ಹಳ್ಳಿ, ಜಾತ್ರೆ, ತಂಗಿ ಮದುವೆ. ಓಡುತ್ತಿದ್ದ ಕಥೆ ಹಿಂದಕ್ಕೆ ನಡೆಯತೊಡಗಿದರೆ ಪ್ರೇಕ್ಷಕ ಆಕಳಿಸದೆ ಏನು ಮಾಡಿಯಾನು? ಆದರೆ "ಲಾಜಿಕ್ಕೇ ಇಲ್ಲ" ಎನ್ನುವವರನ್ನು ಮಾತ್ರ ಸ್ವಲ್ಪ ವಿಚಾರಿಸಿಕೊಳ್ಳಬೇಕು. ಕ್ಯಾಂಟೀನಿನ ಸಾಲಿನಲ್ಲಿ ನಿಂತಿದ್ದಾಗ ತಪ್ಪಿಹೋದ ಐದು ನಿಮಿಷದಲ್ಲೇ ಲಾಜಿಕ್ ಬಂದು ಹೋಗಿರುವುದುಂಟು.

"ಬರೀ ಬಿಜಿಎಂ (ಹಿನ್ನೆಲೆ ಸಂಗೀತ), ಡೈಲಾಗೇ ಕೇಳ್ಸಲ್ಲ" ಎಂಬ ದೂರು ಬಂದರೆ ನಿರ್ದೇಶಕರನ್ನು ಬೈಯುವ ಮೊದಲು ಯಾವ ಥಿಯೇಟರ್ ಅಂತ ಕೇಳಿ. ಸ್ಟುಡಿಯೋದಲ್ಲಿ ಸಿನಿಮಾದ ಸೌಂಡ್ ಮಿಕ್ಸಿಂಗ್ ನಡೆಯುವುದು ಫೇಡರ್ (ಅಂದರೆ ವಾಲ್ಯೂಮ್ ಗುಂಡಿ) 7ರ ಮಟ್ಟಕ್ಕೆ. ಥಿಯೇಟರಿನಲ್ಲಿ ಯಾರೋ ಕಿವಿ ಮುಚ್ಚಿಕೊಂಡು ಬಂದು ಜಗಳ ಆಡಿರುತ್ತಾರೆ, ಆಪರೇಟರು ಅದನ್ನು 4.5ಕ್ಕೋ 5ಕ್ಕೋ ಇಳಿಸಿಬಿಟ್ಟಿರುತ್ತಾರೆ. ಹೊಡೆದಾಟ ಆಗಲೂ ಕೇಳಿಸುತ್ತದೆ, ಪಿಸುಮಾತು ಸತ್ತೇಹೋಗುತ್ತದೆ. ಮಾತು ಬಹುಪಾಲು ಬರುವುದು ಪರದೆಯ ಹಿಂದಿನ ನಡು ಸ್ಪೀಕರಿನಿಂದ. ಅದೊಂದು ಕೈಕೊಟ್ಟರೂ ಹಾಡು ಚೆನ್ನಾಗಿಯೇ ಇರುತ್ತದೆ, ಸಂಭಾಷಣೆ ಬರೆದವರು ಬೈಸಿಕೊಳ್ಳುತ್ತಾರೆ. ಪ್ರೊಜೆಕ್ಟರಿನ ಲ್ಯಾಂಪ್ ಹಳೆಯದಾಗಿ ಬೆಳಕು ಮಂಕಾದರೆ ಬೈಗುಳ ಕ್ಯಾಮೆರಾಮನ್ ಪಾಲಿಗೆ.

ಒಟಿಟಿಯಲ್ಲಿ ನೋಡಿದವರದು ಇನ್ನೊಂದು ತಕರಾರು. "ಮೇಕಿಂಗ್ ಸೀರಿಯಲ್ ಥರ ಇದೆ" ಅಂತ ಯಾರಾದರೂ ಅಂದರೆ ಅವರ ಟಿವಿಯಲ್ಲಿ ಮೋಷನ್ ಸ್ಮೂತಿಂಗ್ ಆನ್ ಇದೆಯೇ ನೋಡಿ. ಸೆಕೆಂಡಿಗೆ 24 ಫ್ರೇಮಿನಂತೆ ತೆಗೆದ ಚಿತ್ರದ ನಡುನಡುವೆ ಟಿವಿ ತಾನೇ ಫ್ರೇಮುಗಳನ್ನು ಹೊಸೆದು ತುರುಕಿರುತ್ತದೆ. ಎಲ್ಲವೂ ಅತಿ ನುಣುಪಾಗಿ, ಸೆಟ್ಟಿನಲ್ಲಿ ನಿಂತು ನೋಡಿದ ಹಾಗೆ ಕಾಣುತ್ತದೆ. ಪಿಕ್ಚರ್ ಸೆಟ್ಟಿಂಗ್ಸಿಗೆ ಹೋಗಿ ಅದನ್ನು ಆಫ್ ಮಾಡಿದರೆ ಕೋಟಿಗಟ್ಟಲೆ ಸುರಿದ ನಿರ್ಮಾಪಕರ ಆತ್ಮಕ್ಕೆ ಶಾಂತಿ.

ಇನ್ನು ಮೊದಲ ಶೋ ಮುಗಿಸಿ ಬಂದವರ ಮಾತು. ಥಿಯೇಟರ್ ಬಾಗಿಲಲ್ಲೇ ಯೂಟ್ಯೂಬ್ ಮೈಕುಗಳು ಕಾದಿರುತ್ತವೆ. ಬಾಯಿಂದ ಬರುವುದು ಕೊನೆಯ ಹತ್ತು ನಿಮಿಷದ ಆವೇಶ. ಶಿಳ್ಳೆಯ ಗದ್ದಲದಲ್ಲಿ ಒಂದು ಮಾತೂ ಕೇಳಿಸದಿದ್ದವರೂ "ಡೈಲಾಗ್ಸ್ ಮಾತ್ರ ಅಲ್ಟಿಮೇಟ್" ಅಂದುಬಿಡುತ್ತಾರೆ. ಭಾನುವಾರ ಕಾಸು ಕೊಟ್ಟು ಸಂಸಾರ ಸಮೇತ ಹೋಗಿ, ಸೋಮವಾರ ಆಫೀಸಿನಲ್ಲಿ ಟೀ ಕುಡಿಯುತ್ತಾ ಆಡುವ ಮಾತಿಗೆ ತೂಕ ಜಾಸ್ತಿ. 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ತೆರೆಕಂಡ 'ಕಾಂತಾರ', ಅಕ್ಟೋಬರ್ 14ಕ್ಕೆ ಹಿಂದಿಗೂ ಡಬ್ ಆಗಿ ಬಂದದ್ದರ ಹಿಂದೆ ಇಂಥ ಬಾಯಿಮಾತಿನ ಬಲವೇ ಇತ್ತು.

ಮನೆಯ ಹಿರಿಯರಿಗೆ ಸ್ಟಾರು, ರೇಟಿಂಗು ಯಾವುದೂ ಬೇಡ. "ಮನೆಮಂದಿಯೆಲ್ಲ ಕೂತು ನೋಡಬಹುದೇನೋ?" ಎಂಬುದೊಂದೇ ಪ್ರಶ್ನೆ. 2024ರ ನವೆಂಬರಿನಿಂದ ಸೆನ್ಸಾರ್ ಮಂಡಳಿ ಯುಎ (ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬಹುದಾದ) ಸರ್ಟಿಫಿಕೇಟನ್ನು ವಯಸ್ಸಿನ ಪ್ರಕಾರ 7+, 13+, 16+ ಅಂತ ಒಡೆದು ಕೊಡುತ್ತಿದೆ. ಒಳ್ಳೆಯದೇ. ಆದರೂ "ರಕ್ತ ಜಾಸ್ತಿ ಚಿಕ್ಕಮ್ಮ, ಪುಟ್ಟೀನ ಬಿಟ್ಟು ಹೋಗಿ" ಎನ್ನುವ ಮಾತಿನಷ್ಟು ಸ್ಪಷ್ಟ ಅದಲ್ಲ.

ಅಂದಹಾಗೆ, ನಿಜವಾದ ಅಭಿಪ್ರಾಯ ಬೇಕಿದ್ದರೆ ಹೆಂಗಿದೆ ಅಂತ ಕೇಳಲೇಬೇಡಿ. ಮೊಬೈಲ್ ಯಾವಾಗ ಹೊರಗೆ ತೆಗೆದಿರಿ ಅಂತ ಕೇಳಿ. "ಹೀರೋಯಿನ್ ಹಾಡು ಬಂದಾಗ ಒಂದ್ಸಲ, ಆಮೇಲೆ ಕೋರ್ಟ್ ಸೀನಲ್ಲಿ ಪೂರ್ತಿ ವಾಟ್ಸಾಪಲ್ಲೇ ಇದ್ದೆ" ಅನ್ನುತ್ತಾರೆ, ಸಿನಿಮಾ ಮಾತ್ರ ಸೂಪರ್ ಅಂತ ಆಗಷ್ಟೇ ಹೇಳಿದವರು.