ಉಮಾಶ್ರೀ ನಮ್ಮ ಕುಂದಾಪುರದವರಲ್ಲ

ನಮ್ಮ ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಕುಂದಾಪುರದ ಉಮಾಶ್ರೀಗೆ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಗೆ ರಾಷ್ಟ್ರ ಪ್ರಶಸ್ತಿ." ಓದಲು ಖುಷಿ, ಆದರೆ ಎರಡೂ ತಪ್ಪು.

ನಟಿ ಉಮಾಶ್ರೀ ಹುಟ್ಟಿದ್ದು ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ. ಪ್ರಶಸ್ತಿ ಬಂದದ್ದು ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' ಸಿನಿಮಾಕ್ಕೆ, 2007ನೇ ಸಾಲಿನದು. ಪುಟ್ಟಕ್ಕ ಜೀ ಕನ್ನಡಕ್ಕೆ ಬಂದದ್ದು 2021ರ ಡಿಸೆಂಬರ್‌ನಲ್ಲಿ. ಅಷ್ಟಕ್ಕೂ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯನ್ನು ಧಾರಾವಾಹಿಗೆ ಕೊಡುವುದೇ ಇಲ್ಲ.

ಗೊಂದಲ ಯಾಕೆ ಅಂತ ಊಹಿಸಬಹುದು. ಆ ಸಿನಿಮಾದ ಮೂಲ ನಮ್ಮ ಕುಂದಾಪುರದ ಲೇಖಕಿ ವೈದೇಹಿಯವರ ಕತೆ. ನಡೆಯುವುದು ಕುಂದಾಪುರ ಕಡೆಯ ಮೀನುಗಾರರ ನಡುವೆ. ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ, ಅವಳ ಮನೆಗೆ ಬರುವ ಟಿವಿ, ಅದನ್ನು ನೋಡಲು ಸೇರುವ ಹೆಂಗಸರು. ಉಮಾಶ್ರೀ ಎಷ್ಟು ಸಹಜವಾಗಿ ಮಾಡಿದ್ದಾರೆಂದರೆ, ಪಕ್ಕದ ಮನೆಯವರೇ ಅನ್ನಿಸಿಬಿಡುತ್ತದೆ, ಅಲ್ವಾ?

ಧಾರಾವಾಹಿಯಿಂದಲೇ ಹೆಸರು ಬಂತು ಅನ್ನುವವರೂ ಇದ್ದಾರೆ. ಅದೂ ಸರಿಯಲ್ಲ. ದೇವನೂರ ಮಹಾದೇವ ಅವರ 'ಒಡಲಾಳ' ಕಾದಂಬರಿ ರಂಗಕ್ಕೆ ಬಂದಾಗ ಉಮಾಶ್ರೀ ಮಾಡಿದ ಸಾಕವ್ವನ ಪಾತ್ರವನ್ನು ನಾಟಕದವರು ಇಂದಿಗೂ ನೆನೆಯುತ್ತಾರೆ. ನಡುವೆ, 2013ರಲ್ಲಿ, ತೇರದಾಳದಿಂದ ಗೆದ್ದು ಮಂತ್ರಿಯೂ ಆದರು. ಪುಟ್ಟಕ್ಕ ಬಂದದ್ದು ಇದೆಲ್ಲ ಆದ ಮೇಲೆ.

ಆ ಸಂದೇಶ ನಿಮಗೂ ಬಂದಿದ್ದರೆ ಸುಮ್ನೆ ಮುಂದೆ ಕಳಿಸಬೇಡಿ.