ನೋವು ಬಂದರೆ ಬನ್ನಿ

ಜರ್ಮನಿಯ ಲೈಪ್‌ಜಿಗ್‌ಗೆ ಬಂದು ನಾಲ್ಕು ವರ್ಷವಾದ ಮೇಲೆ ಮೊದಲ ಸಲ ಹಲ್ಲಿನ ಡಾಕ್ಟರ ಬಳಿ ಹೋದೆ. ದವಡೆ ಹಲ್ಲು ಎರಡು ರಾತ್ರಿ ನಿದ್ದೆ ಕೆಡಿಸಿತ್ತು. ಕುಷ್ಟಗಿ ಸೀಮೆಯವನು ಅದಕ್ಕಿಂತ ಮೊದಲು ಹೋಗುವುದುಂಟೇ? ಕೌಂಟರಿನಲ್ಲಿದ್ದ ಮಹಿಳೆ ವಿಮೆಯ ಕಾರ್ಡ್ ಕೇಳಿದರು, ಕೊಟ್ಟೆ. ಆಮೇಲೆ ‘ಬೋನಸ್‌ಹೆಫ್ಟ್’ ಎಂದರು. ದೀಪಾವಳಿಯ ಬೋನಸ್ ಬಿಟ್ಟು ಬೇರೆ ಬೋನಸ್ ಕಾಣದ ನಾನು ಅವರ ಮುಖವನ್ನೇ ನೋಡುತ್ತಾ ನಿಂತೆ.

ಅದೊಂದು ಪುಟ್ಟ ಪುಸ್ತಿಕೆ. ವರ್ಷಕ್ಕೊಮ್ಮೆ ಹೋಗಿ ಹಲ್ಲು ತೋರಿಸಿದರೆ ಅದರಲ್ಲಿ ಒಂದು ಮುದ್ರೆ ಬೀಳುತ್ತದೆ. ಹದಿನೆಂಟು ತುಂಬದ ಮಕ್ಕಳಿಗಾದರೆ ವರ್ಷಕ್ಕೆ ಎರಡು. ಮುಂದೆಂದೋ ಕ್ಯಾಪ್, ಬ್ರಿಡ್ಜ್, ಹಲ್ಲಿನ ಸೆಟ್ ಬೇಕಾದಾಗ ಆ ಮುದ್ರೆಗಳೇ ದುಡ್ಡಾಗುತ್ತವೆ. ಸಾಮಾನ್ಯ ದರ್ಜೆಯ ಚಿಕಿತ್ಸೆಗೆ ನಿಗದಿಯಾದ ವೆಚ್ಚದಲ್ಲಿ ಸರ್ಕಾರಿ ವಿಮೆ ಶೇ. 60ರಷ್ಟು ಕೊಡುತ್ತದೆ; ಐದು ವರ್ಷ ಬಿಡದೆ ಮುದ್ರೆ ಹಾಕಿಸಿದವರಿಗೆ ಶೇ. 70, ಹತ್ತು ವರ್ಷದವರಿಗೆ ಶೇ. 75. ನಡುವೆ ಒಂದು ವರ್ಷ ತಪ್ಪಿದರೆ ಸಾಮಾನ್ಯವಾಗಿ ಎಣಿಕೆ ಮತ್ತೆ ಒಂದರಿಂದ. ನಾನು ಆಗಲೇ ನಾಲ್ಕು ಮುದ್ರೆ ಕಳೆದುಕೊಂಡಿದ್ದೆ. ಕೌಂಟರಿನ ಮಹಿಳೆ ಹೊಸ ಪುಸ್ತಿಕೆ ಕೊಟ್ಟ ರೀತಿಯಲ್ಲಿ, ಶಾಲೆಗೆ ತಡವಾಗಿ ಸೇರಿದ ಹುಡುಗನಿಗೆ ಪಾಟಿ ಕೊಟ್ಟಂತಹ ಕನಿಕರವಿತ್ತು.

ಕುರ್ಚಿಯಲ್ಲಿ ಮಲಗಿದಾಗ ಡಾಕ್ಟರು ನೋಯುವ ಹಲ್ಲಿಗೆ ತಕ್ಷಣ ಕೈ ಹಾಕಲಿಲ್ಲ. ತುದಿಯಲ್ಲಿ ಸಾಸಿವೆಗಿಂತ ಸಣ್ಣ ಗುಂಡು ಇದ್ದ ಗೆರೆಗೆರೆಯ ಕಡ್ಡಿಯೊಂದನ್ನು ವಸಡು ಮತ್ತು ಹಲ್ಲಿನ ಸಂದಿಗೆ ಮೆಲ್ಲಗೆ ಇಳಿಸುತ್ತಾ, ಒಂದು, ಎರಡು, ಮತ್ತೆ ಎರಡು, ಮೂರು ಎಂದು ಅಂಕಿ ಹೇಳುತ್ತಾ ಹೋದರು. ಸಹಾಯಕಿ ಬರೆದುಕೊಳ್ಳುತ್ತಿದ್ದರು. ವಸಡು ಹಲ್ಲನ್ನು ಎಷ್ಟು ಸಡಿಲ ಬಿಟ್ಟಿದೆ ಎಂಬ ಅಳತೆ ಅದು. ಎರಡು ವರ್ಷಕ್ಕೊಮ್ಮೆ ಇದನ್ನೂ ವಿಮೆಯೇ ಭರಿಸುತ್ತದೆ. ಕೊನೆಗೆ ಕನ್ನಡಿಯನ್ನು ನನ್ನ ಮುಂಬಲ್ಲುಗಳ ಹತ್ತಿರ ಹಿಡಿದು ಕೇಳಿದರು: “ನೀವು ಚಿಕ್ಕವರಿದ್ದಾಗ ಕುಡಿದದ್ದು ಬಾವಿಯ ನೀರೇ?”

ಕೊಳವೆ ಬಾವಿಯ ನೀರು. ನನ್ನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿವೆ. ನಮ್ಮೂರಿನಲ್ಲಿ ಎಲ್ಲರಿಗೂ ಇದ್ದುದರಿಂದ ಹಲ್ಲಿನ ಬಣ್ಣವೇ ಅದು ಎಂದುಕೊಂಡು ಬೆಳೆದವನು ನಾನು. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ನೆಲದ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ರಾಯಚೂರಿನ ಹಲವು ಊರುಗಳದ್ದೂ ಅದೇ ಕಥೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಹಲ್ಲಿನ ಹೊರಪದರ ಒಸಡಿನೊಳಗೆ ಕಟ್ಟುತ್ತಿರುವ ಎಳವೆಯಲ್ಲಿ, ಸುಮಾರು ಎಂಟು ವರ್ಷದೊಳಗೆ, ಈ ನೀರು ಹೊಟ್ಟೆಗೆ ಹೋದರೆ ಹಲ್ಲು ಹೊರಬರುವಾಗಲೇ ಕಲೆ ಮೂಡಿರುತ್ತದೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಊರಿನ ಹಳೆಯ ಮದುವೆ ಫೋಟೋಗಳನ್ನು ನೋಡಿ: ನಗುವ ಹೆಣ್ಣುಮಕ್ಕಳ ಸೆರಗು ಬಾಯಿಯ ಮೇಲಿರುತ್ತದೆ. ನಾಚಿಕೆ ಎಂದು ನಾವು ಅದನ್ನು ಹಾಡಿ ಹೊಗಳಿದೆವು.

ವಿಪರ್ಯಾಸವೆಂದರೆ, ಜರ್ಮನಿಯವರು ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸುವುದಿಲ್ಲ, ಆದರೆ ಅಡುಗೆ ಉಪ್ಪಿನಲ್ಲಿ ಬೆರೆಸಿ 1991ರಿಂದ ಮಾರುತ್ತಿದ್ದಾರೆ. ಅವರು ಅಂಗಡಿಯಿಂದ ಕೊಂಡು ತರುವುದನ್ನು ನಮಗೆ ಭೂಮಿತಾಯಿ ಬೇಡವೆಂದರೂ ಬಡಿಸಿದಳು. ಇನ್ನೊಂದು ಮಾತು, ಇದನ್ನು ಅವ್ವನಿಗೆ ಒಪ್ಪಿಸಲು ನನಗೆ ಎರಡು ರಜೆ ಬೇಕಾದವು: ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ. ಉಳಿದ ನೀರಿನಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ಊರಿನಲ್ಲಿ ಕೆಟ್ಟು ನಿಂತ ದಿನಗಳಲ್ಲಿ ಅವಳು ಶ್ರದ್ಧೆಯಿಂದ ಕುದಿಸಿ ಮೊಮ್ಮಗನಿಗೆ ಕುಡಿಸುತ್ತಿದ್ದಳು.

ಕಳೆದ ದಸರಾಕ್ಕೆ ಊರಿಗೆ ಹೋದಾಗ ಅವ್ವನ ಕೆನ್ನೆ ಊದಿತ್ತು. ಆರು ತಿಂಗಳಿಂದ ಲವಂಗ ಇಟ್ಟುಕೊಂಡು ದಿನ ದೂಡಿದ್ದಳು. ಲವಂಗದ ಎಣ್ಣೆ ನೋವನ್ನು ಮರಗಟ್ಟಿಸುತ್ತದೆ, ನಿಜ. ಹುಳುಕು ತನ್ನ ಪಾಡಿಗೆ ತಾನು ಒಳಗೆ ಇಳಿಯುತ್ತಲೇ ಇರುತ್ತದೆ. ಹಲ್ಲು ಕಚ್ಚಿ ಸಹಿಸುವುದು ನಮ್ಮಲ್ಲಿ ದೊಡ್ಡ ಗುಣ. ಹಲ್ಲೇ ನೋಯುವಾಗ ಏನನ್ನು ಕಚ್ಚಬೇಕೋ ಗೊತ್ತಿಲ್ಲ.

ಸಂಜೆ ಏಳಕ್ಕೆ ಪೇಟೆಯ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಮೊದಲೇ ಹೇಳಿ ಸಮಯ ಗೊತ್ತುಮಾಡಿಕೊಂಡಿರಲಿಲ್ಲ. ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕುಳಿತ ಅರ್ಧ ಗಂಟೆಯಲ್ಲಿ ಸರದಿ ಬಂತು. ಎಕ್ಸ್‌ರೇ ಆಗಲೇ ಪರದೆಯ ಮೇಲಿತ್ತು. ಈ ವಿಷಯದಲ್ಲಿ ನಾನು ಊರಿನ ಪಕ್ಷ. ಲೈಪ್‌ಜಿಗ್‌ನಲ್ಲಿ ಮಾಮೂಲಿ ತಪಾಸಣೆಗೆ ಆರು ವಾರ ಕಾದಿದ್ದೇನೆ. ಅಲ್ಲಿ ಒಂದು ಕ್ಯಾಪ್‌ಗೆ ವಿಮೆಯ ಪಾಲು ಕಳೆದು ನನ್ನ ಕೈಯಿಂದ ಹೋದ ಹಣದಲ್ಲಿ ಇಲ್ಲಿ ಮನೆಮಂದಿಯ ಹಲ್ಲನ್ನೆಲ್ಲ ರಿಪೇರಿ ಮಾಡಿಸಬಹುದಿತ್ತು. ಯಂತ್ರದಿಂದ ಪೂರ್ತಿ ಹಲ್ಲು ಸ್ವಚ್ಛ ಮಾಡಿಸಿಕೊಳ್ಳಲು ಅಲ್ಲಿ ಬಹುಮಟ್ಟಿಗೆ ಸ್ವಂತ ದುಡ್ಡೇ ಬೇಕು. ಮುಂಜಾಗ್ರತೆಯ ಪಾಠ ಹೇಳುವ ವಿಮೆ ಅಲ್ಲಿ ಜಿಪುಣತನ ತೋರಿಸುತ್ತದೆ.

ಡಾಕ್ಟರು ಯುವಕ, ಕೈ ಹಗುರ. “ಅಮ್ಮಾ, ಒಂದು ವರ್ಷ ಮೊದಲು ಬಂದಿದ್ದರೆ ಸಿಮೆಂಟ್ ತುಂಬಿ ಕಳಿಸುತ್ತಿದ್ದೆ” ಎಂದರು. ಈಗ ಬೇರು ಉಳಿದಿರಲಿಲ್ಲ, ಕಿತ್ತರು. ಹತ್ತಿ ಕಚ್ಚಿಸಿ, ಅರ್ಧ ಗಂಟೆ ಉಗುಳಬೇಡಿ, ಇವತ್ತು ಬಿಸಿಯದೇನೂ ಬೇಡ ಎಂದು ಹೇಳಿ ಚೀಟಿ ಬರೆದರು. ಮತ್ತೆ ಯಾವಾಗ ಬರಬೇಕು ಎಂದು ಕೇಳಿದೆ.

“ನೋವು ಬಂದರೆ ಬನ್ನಿ.”

ನನ್ನ ತಕರಾರೆಲ್ಲ ಈ ಮೂರು ಪದಗಳ ಮೇಲೆ. ಡಾಕ್ಟರ ಮೇಲಲ್ಲ. ಅವರೇ ಹೇಳಿದರು: ಹಲ್ಲು ನೋಡಿ ಎಲ್ಲ ಚೆನ್ನಾಗಿದೆ ಎಂದರೆ ಜನ ಫೀಸು ಕೊಡಲು ಹಿಂದೆ ಮುಂದೆ ನೋಡುತ್ತಾರೆ, ‘ಏನೂ ಮಾಡಲಿಲ್ಲವಲ್ಲ’ ಎನ್ನುತ್ತಾರೆ. ಕಿತ್ತರೆ ಮಾತ್ರ ಕೆಲಸ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತವೆ ಎಂಬ ನಂಬಿಕೆ ಬೇರೆ. ಬುಡದಲ್ಲಿ ಕಲ್ಲಾಗಿ ಕಟ್ಟಿದ ಪಾಚಿಯೇ ಸಡಿಲ ಹಲ್ಲನ್ನು ಗಾರೆಯಂತೆ ಹಿಡಿದುಕೊಂಡಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲ ಬಯಲಾಗುತ್ತದೆ, ಅಷ್ಟೇ.

ಪರಿಣತರ ಕೊರತೆ ನಮ್ಮ ಕಡೆ ಇದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ರಾಯಚೂರಿನಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಬಳ್ಳಾರಿಯಲ್ಲಿ ಸರ್ಕಾರಿ ಕಾಲೇಜೇ ಇದೆ. ಬೇರುನಾಳ, ವಸಡು, ಮಕ್ಕಳ ಹಲ್ಲು, ವಕ್ರದಂತ, ದವಡೆ ಶಸ್ತ್ರಚಿಕಿತ್ಸೆ, ಒಂದೊಂದಕ್ಕೂ ಒಂದೊಂದು ವಿಭಾಗ. ಹಿರಿಯ ವೈದ್ಯರ ಕಣ್ಣಳತೆಯಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಕೊಡುವುದರಿಂದ ಖರ್ಚು ಕಡಿಮೆ, ಓಡಾಟ ಮಾತ್ರ ನಾಲ್ಕಾರು ಸಲ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ‘ದಂತ ಭಾಗ್ಯ’ವೂ ನಮ್ಮ ರಾಜ್ಯದ್ದೇ. ಆದರೆ ಅದು ಹಲ್ಲೆಲ್ಲ ಹೋದವರ ಭಾಗ್ಯ. ಹಲ್ಲು ಇರುವಾಗಲೇ ಕೈ ಹಿಡಿಯುವ ಭಾಗ್ಯಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ.

ನಮ್ಮ ಜನ ಪುಸ್ತಿಕೆ ಕಾಪಾಡಲಾರರು ಎಂದೂ ಹೇಳಬೇಡಿ. ಬಸುರಿಯ ಮತ್ತು ಮಗುವಿನ ಆರೋಗ್ಯದ ಲೆಕ್ಕ ಬರೆದಿಡುವ ‘ತಾಯಿ ಕಾರ್ಡ್’, ನನ್ನ ತಂಗಿಯದು, ಅವ್ವನ ಟ್ರಂಕಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಭದ್ರವಾಗಿದೆ. ಲಸಿಕೆಯ ತಾರೀಖು ಒಂದೂ ತಪ್ಪಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ನೆನಪಿಸುತ್ತಿದ್ದಳು ನೋಡಿ, ಅದಕ್ಕೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಹುಳುಕು ಹಲ್ಲನ್ನೂ ನೋಡಬೇಕೆಂಬ ನಿಯಮವಿದೆ. ತಾಯಿ ಕಾರ್ಡಿನಲ್ಲೇ ಹಲ್ಲಿಗೊಂದು ಸಾಲು ಸೇರಿಸಿ, ವರ್ಷಕ್ಕೆರಡು ಮುದ್ರೆ ಹಾಕಿದರೆ ಸಾಕು. ಎಲೆ ಅಡಿಕೆ, ಗುಟ್ಕಾ ಜಗಿದು ಬಾಯಿಗೆ ಮೂರು ಬೆರಳು ಹೋಗದಷ್ಟು ಕೆನ್ನೆ ಬಿಗಿದುಕೊಂಡ ಮೇಲೆ ಬರುವ ಹುಡುಗರನ್ನು ಆಗ ಮೊದಲೇ ಹಿಡಿಯಬಹುದು.

ಅಂದು ಚೀಟಿಯ ಹಿಂದೆ ಆರು ತಿಂಗಳ ನಂತರದ ಒಂದು ತಾರೀಖು ಬರೆದುಕೊಡಿ ಎಂದು ಡಾಕ್ಟರಿಗೆ ದುಂಬಾಲು ಬಿದ್ದೆ. ನಕ್ಕು, ಏಪ್ರಿಲ್ 10 ಎಂದು ಬರೆದರು. ಅವ್ವ ಅದನ್ನು ರೇಷನ್ ಕಾರ್ಡಿನ ಜೊತೆಗಿಟ್ಟಳು. ಏಪ್ರಿಲ್ ಒಂಬತ್ತರಂದು ಲೈಪ್‌ಜಿಗ್‌ನಿಂದ ಫೋನ್ ಮಾಡಿ ನೆನಪಿಸಿದೆ.

“ಈಗ ನೋವೇನೂ ಇಲ್ಲವಲ್ಲೋ” ಎಂದಳು. ಅದಕ್ಕೇ ಹೋಗು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಈ ಬಿಸಿಲೊಂದು ಕಡಿಮೆಯಾಗಲಿ” ಎಂದಳು. ಕುಷ್ಟಗಿಯಲ್ಲಿ ಬಿಸಿಲು ಯಾವಾಗ ಕಡಿಮೆಯಾಗುತ್ತದೆಂದು ನಮ್ಮಿಬ್ಬರಿಗೂ ಗೊತ್ತು.